ಪಿಳ್ಳಣ್ಣನ ಬನ್ನು, ನಮ್ಮ ಜ್ವರ

ಈ ಸಭೆಯ ಅಧ್ಯಕ್ಷರಾದ ನೇಯ್ಗೆ ಸಂಘದ ಸಂಜೀವಪ್ಪನವರೇ, ಇವತ್ತು ಸನ್ಮಾನ ಮಾಡಿಸಿಕೊಂಡು ಹೆಗಲ ಮೇಲಿನ ಶಾಲನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿರುವ ಬೇಕರಿ ಪಿಳ್ಳಣ್ಣನವರೇ, ವೇದಿಕೆಯ ಮೇಲಿರುವ ಹಿರಿಯರೇ, ದೊಡ್ಡಬಳ್ಳಾಪುರ ಪೇಟೆಬೀದಿಯ ಸಭಿಕರೇ, ಆ ಕಡೆ ಚಾಪೆಯ ಮೇಲೆ ಕೂತಿರುವ ತಾಯಂದಿರೇ,

ಮೊದಲಿಗೆ ಒಂದು ಕ್ಷಮಾಪಣೆ. ನಾನು ನಿಂತು ಮಾತಾಡಬಲ್ಲವನಲ್ಲ, ಬರೆದುಕೊಂಡು ಬಂದಿದ್ದೇನೆ. ಓದಿ ಮುಗಿದ ಮೇಲೆ ಈ ಹಾಳೆಗಳನ್ನು ಸಂಘದ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಮುಂದೆ ಯಾರಾದರೂ ತೆಗೆದು ನೋಡಿದರೆ, ಕೋಳಿ ಕೆದರಿದಂಥ ಈ ಅಕ್ಷರಕ್ಕೂ, ಬಿಟ್ಟುಹೋದ ಒತ್ತು ದೀರ್ಘಗಳಿಗೂ ನನ್ನನ್ನು ಬೈಯಬಾರದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೆಯದಕ್ಕೆ ಹೋಗುವಷ್ಟರಲ್ಲಿ ಮಗ್ಗ ನನ್ನ ಕೈ ಹಿಡಿಯಿತು, ಇನ್ನೂ ಬಿಟ್ಟಿಲ್ಲ. ನೂಲು ಕಡಿದು ಮಗ್ಗ ನಿಂತಾಗ ಒಂದೊಂದು ಕಥೆ ಬರೆಯುತ್ತೇನೆ. ನನ್ನ ಕಥೆಗಳು ಚಿಕ್ಕವಾಗಿರುವುದಕ್ಕೆ ಒಳ್ಳೆಯ ನೂಲೇ ಕಾರಣ.

ಇಷ್ಟು ದೊಡ್ಡವರೆಲ್ಲ ಇರುವಾಗ ಸನ್ಮಾನದ ಮಾತಿಗೆ ಈ ರಾಮಾಂಜಿನಪ್ಪ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದಕ್ಕೆ ಸಂಜೀವಪ್ಪನವರು ಹೇಳಿದರು: “ಲೇ ರಾಮಾಂಜಿ, ಪಿಳ್ಳಣ್ಣನ ಅಂಗಡೀಲಿ ನಿನ್ನಷ್ಟು ಕಾಲ ಹುಷಾರಿಲ್ದೆ ಇದ್ದೋನು ಇನ್ಯಾವನಿದಾನೆ? ನೀನೇ ಮಾತಾಡು.”

ನಿಜ ಸಭಿಕರೇ. ಆ ಅಂಗಡಿಯ ಅತ್ಯಂತ ಹಿರಿಯ ರೋಗಿ ನಾನೇ.

ಯುದ್ಧ ನಡೆಯುತ್ತಿದ್ದಾಗ ಪಿಳ್ಳಣ್ಣನವರು ಬೆಂಗಳೂರು ದಂಡಿನಲ್ಲಿ ಒಂದು ಬೇಕರಿಯಲ್ಲಿದ್ದರು. ಅಲ್ಲಿ ಬೇಯಿಸಿದ ಬ್ರೆಡ್ಡೆಲ್ಲ ಸೋಲ್ಜರುಗಳ ಆಸ್ಪತ್ರೆಗೆ ಹೋಗುತ್ತಿತ್ತು. ಯುದ್ಧ ಮುಗಿಯಿತು, ಸೋಲ್ಜರುಗಳು ಗುಣವಾಗಿ ಊರಿಗೆ ಹೋದರು, ಪಿಳ್ಳಣ್ಣನವರೂ ಊರಿಗೆ ಬಂದರು. ಮೈದಾಹಿಟ್ಟಿಗೆ ಪರ್ಮಿಟ್ಟು ಮಾಡಿಸಿ, ನಮ್ಮ ಬೀದಿಯಲ್ಲಿ ಗೂಡಿನಂಥ ಒಲೆ ಕಟ್ಟಿ ಅಂಗಡಿ ತೆರೆದರು. ಅಲ್ಲಿಯವರೆಗೆ ನಮ್ಮ ಬೀದಿಗೆ ಇದ್ದದ್ದು ಎರಡೇ ವಾಸನೆ: ನೂಲಿಗೆ ಹಾಕುವ ಗಂಜಿಯದು, ಬಣ್ಣದ ಹಂಡೆಯದು. ಮೂರನೆಯದು ಬಂದ ಬೆಳಗ್ಗೆ, ಎಷ್ಟು ಮಗ್ಗಗಳಲ್ಲಿ ಲಾಳಿ ದಾರಿ ತಪ್ಪಿತು! ಎಷ್ಟು ಜನ ಸುಮ್ಮಸುಮ್ಮನೆ ನೀರು ಕುಡಿಯಲು ಎದ್ದು ಹೊರಗೆ ಬಂದರು!

ಆದರೆ ತಿನ್ನುವುದು ಹೇಗೆ? ನಮ್ಮೂರಿನಲ್ಲಿ ಗಟ್ಟಿಯಾಗಿರುವವನಿಗೆ ಮುದ್ದೆ, ಮಲಗಿದವನಿಗೆ ಬನ್ನು. ಡಾಕ್ಟರು ಹಾಲು ಬ್ರೆಡ್ಡು ಎಂದರೆ ಮನೆಯವರು ಅಳಲು ಶುರು ಮಾಡುತ್ತಿದ್ದರು. ನಮ್ಮ ಬೀದಿಯ ಲಕ್ಕಮ್ಮನವರು, ಹೊಸ ಅಳಿಯ ಬಂದನೆಂದು ಸಂಭ್ರಮದಿಂದ ಆರು ಬನ್ನು ಕೊಂಡು ಹೋದರು. ಸಂಜೆಯೊಳಗೆ ಅರ್ಧ ಬೀದಿ ಅಳಿಯನನ್ನು ಕಡೇ ಸಲ ನೋಡಲು ಬಂದಿತು. ಒಬ್ಬರು ವಿಭೂತಿ ತಂದಿದ್ದರು. ಆ ಅಳಿಯ ರಾತ್ರಿಯ ಊಟಕ್ಕೂ ನಿಲ್ಲದೆ ನೆಲಮಂಗಲದ ದಾರಿ ಹಿಡಿದ.

ಇದರ ಮೇಲೆ ನಮ್ಮ ಪಿಳ್ಳಣ್ಣನವರ ಮರ್ಯಾದೆ ಬೇರೆ. ಆಸ್ಪತ್ರೆಗೆ ಕೊಟ್ಟು ಕೊಟ್ಟು ರೂಢಿಯಾಗಿದ್ದ ಅವರು, ಯಾರು ಮೆಟ್ಟಿಲು ಹತ್ತಿದರೂ ಕೈ ಒರೆಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಕೇಳುತ್ತಿದ್ದರು: “ಬನ್ನಿ. ಯಾರಿಗೆ ಹುಷಾರಿಲ್ಲ?”

ಇದಕ್ಕೆ ಏನೆಂದು ಉತ್ತರ ಕೊಡುವುದು? ಯಾರಿಗೂ ಏನೂ ಆಗಿಲ್ಲ, ಆಸೆಯಾಯಿತು, ಬಂದೆ ಎನ್ನಲು ಧೈರ್ಯ ಬೇಕು ಸಭಿಕರೇ. ನನಗೆ ಬಸ್ಸಿನಲ್ಲಿ ಟಿಕೇಟು ಕೇಳಲೂ ನಾಚಿಕೆ. ಮೊದಲ ದಿನ ಅವರು ಕೇಳಿದಾಗ ನನ್ನ ಬಾಯಿಂದ “ನನಗೇ” ಎಂದು ಬಂತು. ಪಿಳ್ಳಣ್ಣನವರ ಕಣ್ಣು ತುಂಬಿತು. ಬೆಂಚಿನ ಮೇಲೆ ಕೂರಿಸಿ, ಒಲೆಯಿಂದ ಆಗತಾನೇ ತೆಗೆದ ಬನ್ನು ಕೊಟ್ಟರು. ಮೇಲೆ ಕಂದು, ಒಳಗೆ ಹತ್ತಿ. ಮುರಿದರೆ ಹೊಗೆಯಾಡುತ್ತಿತ್ತು. ಅಷ್ಟು ರುಚಿಯಾದ ಕಾಯಿಲೆಯನ್ನು ಯಾರು ಬಿಡುತ್ತಾರೆ? ಮರುದಿನ ತಲೆಗೆ ಮಫ್ಲರು ಸುತ್ತಿ, ಕೆಮ್ಮುತ್ತಾ ಹೋದೆ.

ಹೋಗಿ ನೋಡಿದರೆ ಬೆಂಚು ತುಂಬಿತ್ತು! ಒಬ್ಬರಿಗೆ ಕಂಬಳಿ, ಒಬ್ಬರಿಗೆ ಹಣೆಗೆ ಪಟ್ಟಿ. ಒಬ್ಬರು ಕೆಮ್ಮಿದರೆ ಸಾಲಾಗಿ ಎಲ್ಲರೂ ಕೆಮ್ಮುವರು, ನಡುನಡುವೆ ಟೀಯಲ್ಲಿ ಬನ್ನು ಅದ್ದುವರು. ಹೆಸರು ಹೇಳುವುದಿಲ್ಲ. ನಮ್ಮ ಅಧ್ಯಕ್ಷರ ಹಲ್ಲುನೋವು ಮಾತ್ರ ಎರಡು ಮಳೆಗಾಲ ನಡೆಯಿತು, ಅಷ್ಟು ಹೇಳುತ್ತೇನೆ. ನೋವಿನ ಹಲ್ಲಿನಲ್ಲೇ ಅವರು ರಸ್ಕು ಕಡಿಯುವ ಸದ್ದು ನನ್ನ ಮಗ್ಗಕ್ಕೆ ಕೇಳುತ್ತಿತ್ತು.

ಮನೆಗೆ ಕೊಂಡುಹೋಗಿ ಬಚ್ಚಿಟ್ಟು ತಿನ್ನಬಹುದಿತ್ತಲ್ಲ ಎನ್ನುತ್ತೀರಿ. ಆಗುತ್ತಿರಲಿಲ್ಲ. ನಮ್ಮ ತಾಯಿ ಅಮ್ಮಯಮ್ಮ ಬನ್ನನ್ನು ಹೊಸ್ತಿಲು ದಾಟಿಸುವವಳಲ್ಲ. ನಮ್ಮ ತಂದೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೆ ದಿನವೂ ಬ್ರೆಡ್ಡು ಕೊಡುತ್ತಿದ್ದರು. ಅವರು ಅರ್ಧ ತಿಂದು ಅರ್ಧ ನನಗೆ ಚಾಚುತ್ತಿದ್ದರು. “ತಿನ್ಲಾ ರಾಮ, ಚೆನ್ನಾಗೈತೆ. ನೀನೂ ತಿನ್ನಮ್ಮಿ.” ನಾನು ತಿನ್ನುತ್ತಿದ್ದೆ, ಅಮ್ಮ ಮುಖ ತಿರುಗಿಸುತ್ತಿದ್ದಳು. ಒಂದು ಬೆಳಗ್ಗೆ ಬ್ರೆಡ್ಡು ಪೂರ್ತಿ ಹಾಗೇ ಉಳಿದಿತ್ತು. ಅಂದಿನಿಂದ ಅಮ್ಮನಿಗೆ ಆ ವಾಸನೆ ಬಂದರೆ ಸಾಕು, ಬಾಗಿಲು ಹಾಕುತ್ತಾಳೆ.

ಸನ್ಮಾನ ಸಭೆಯಲ್ಲಿ ಇದೆಲ್ಲ ಯಾಕೆ. ಕ್ಷಮಿಸಿ, ಮುಂದಿನ ಹಾಳೆಗೆ ಹೋಗುತ್ತೇನೆ.

ಆ ವರ್ಷವೇ ನನಗೆ ಅನುಗೊಂಡನಹಳ್ಳಿಯ ಅಪ್ಪಯ್ಯಣ್ಣನವರ ಮಗಳು ಮುನಿಲಕ್ಷ್ಮಿಯನ್ನು ಗೊತ್ತು ಮಾಡಿ, ವೀಳ್ಯದೆಲೆ ಬದಲಾಯಿಸಿದ್ದರು. ಧಾರೆ ಸೀರೆ ಕೊಳ್ಳಲು ಸಂತೆಯ ದಿನ ನಮ್ಮೂರಿಗೆ ಬಂದ ಮಾವನವರು ಬೀದಿಯಲ್ಲಿ ಏನು ನೋಡಿದರು? ಭಾವೀ ಅಳಿಯ ಮಫ್ಲರು ಸುತ್ತಿಕೊಂಡು, ರೋಗಿಗಳ ಸಾಲಿನಲ್ಲಿ ಕೂತು, ಕೆಮ್ಮಿ ಕೆಮ್ಮಿ ಬನ್ನು ತಿನ್ನುತ್ತಿದ್ದಾನೆ. ಅವರು ಸೀರೆ ಕೊಳ್ಳಲಿಲ್ಲ. ಹಾಗೇ ಬಸ್ಸು ಹತ್ತಿದರು. ವಾರ ಕಳೆಯುವಷ್ಟರಲ್ಲಿ ಹೇಳಿಕಳಿಸಿದರು: “ರೋಗಿಷ್ಟ ಗಂಡಿಗೆ ನಮ್ಮ ಹುಡುಗೀನ ಕೊಡಲ್ಲ. ವೀಳ್ಯ ವಾಪಸ್ಸು.”

ಅಮ್ಮ ಮಗ್ಗದ ಹತ್ತಿರ ಬಂದು ನಿಂತಳು. “ನಿಂಗೆ ಏನಾಗೈತೆ? ನಿಜ ಹೇಳ್ಬುಡು.”

“ಏನೂ ಆಗಿಲ್ಲ ಕಣಮ್ಮ.”

“ನಿಮ್ಮಪ್ಪನೂ ಹಿಂಗೇ ಅಂದಿದ್ದ,” ಎಂದಳು.

ನಾನು ಗುಂಡುಕಲ್ಲಿನಂತೆ ಇದ್ದೆ. ಆದರೆ ರೋಗಿಯೇ ತನಗೆ ರೋಗವಿಲ್ಲ ಎಂದರೆ ಯಾರು ನಂಬುತ್ತಾರೆ? ಹೋಗಲಿ, ಸಾಕ್ಷಿಗೆ ಯಾರನ್ನು ಕರೆಯಲಿ? ಬೆಂಚಿನ ಮೇಲಿದ್ದವರು ನನಗಿಂತ ಹೆಚ್ಚು ಕೆಮ್ಮುತ್ತಿದ್ದರು. ಹುಡುಗಿ ಕೈತಪ್ಪಿದಳು, ಅಮ್ಮನ ಮನಸ್ಸಿನಲ್ಲಿ ನಾನಾಗಲೇ ಅರ್ಧ ಸತ್ತಿದ್ದೆ. ಆದರೂ ಬೆಳಗ್ಗೆ ಆ ವಾಸನೆ ಬಂದರೆ ಕಾಲು ಅಲ್ಲಿಗೇ ಹೋಗುತ್ತಿತ್ತು. ದುಃಖಕ್ಕೆ ಹಸಿವು ಜಾಸ್ತಿ ಸಭಿಕರೇ. ಮೂರು ಬನ್ನು ನಾಲ್ಕಾಯಿತು.

ಹೀಗಿರುವಾಗ ಒಂದು ಬೆಳಗ್ಗೆ ಇದ್ದಿಲ ಗ್ಯಾಸಿನ ಬಸ್ಸಿನಿಂದ ಮಾವನವರು ಇಳಿದರು. ಅವರ ಮುಂದೆ, ಕೈಯಲ್ಲಿ ಕೋಲು, ಮುಖದ ತುಂಬ ಬಸ್ಸಿನ ಮಸಿ, ಅವರ ತಾಯಿ ಮುನಿತಾಯಮ್ಮಜ್ಜಿ. ಅಮ್ಮ ಅವರನ್ನು ಬೇಕರಿಯವರೆಗೆ ಕರೆತಂದು, ತಾನು ಎದುರಿನ ಹೊಂಗೆ ಮರದ ಕೆಳಗೇ ನಿಂತಳು. ನಾನು ಬೆಂಚಿನ ಮೇಲೆ ಎರಡನೇ ಬನ್ನಿನಲ್ಲಿದ್ದೆ.

ಪಿಳ್ಳಣ್ಣನವರು ಕೈ ಒರೆಸಿಕೊಂಡರು. “ಬನ್ನಿ ಅಜ್ಜಿ, ಕೂತ್ಕೊಳ್ಳಿ. ಯಾರಿಗೆ ಹುಷಾರಿಲ್ಲ?”

“ಅದ್ನೇ ಕೇಳಾಕೆ ಬಂದಿವ್ನಿ ಕಣಪ್ಪ. ಈ ಹುಡ್ಗುಂಗೆ ಏನ್ ಕಾಯ್ಲೆ?”

“ಏನ್ ಹೇಳ್ಲಿ ಅಜ್ಜಿ, ಪಾಪದ ಹುಡ್ಗ. ಮಳೇಲೂ ಹುಷಾರಿಲ್ಲ, ಬಿಸಿಲಲ್ಲೂ ಹುಷಾರಿಲ್ಲ. ಇವನ ಹೆಸರಲ್ಲಿ ಘಾಟಿ ಸುಬ್ರಹ್ಮಣ್ಯಂಗೆ ನಾನೇ ಹರಕೆ ಹೊತ್ತಿವ್ನಿ.”

“ಕೇಳಿದ್ಯೇನವ್ವ?” ಎಂದರು ಮಾವನವರು. “ನಾನೇನು ಸುಳ್ಳು ಹೇಳಿದ್ನಾ?”

“ನೀ ಸುಮ್ಕಿರು ಅಪ್ಪಯ್ಯ. ಏನಪ್ಪಾ, ಇವ್ನು ಬಂದು ಎಷ್ಟು ತಿಂತಾನೆ?”

“ನಾಕು ಬನ್ನು. ಸಂತೆ ದಿನ ಐದು. ಮೇಲೊಂದು ರಸ್ಕು. ಹೋಗ್ವಾಗ ಬೆಣ್ಣೆ ಬಿಸ್ಕತ್ತು ಜೇಬಿಗೆ.”

“ತಿಂದಿದ್ದು ದಕ್ತದಾ?”

“ಇದುವರ್ಗೂ ಒಂದೂ ವಾಪಸ್ ಬಂದಿಲ್ಲ ಅಜ್ಜಿ.”

ಅಜ್ಜಿ ನನ್ನ ಹತ್ತಿರ ಬಂದರು. ಮಫ್ಲರು ಕಿತ್ತರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಗೆ ಚಾಚಿಸಿದರು. ಸಂತೆಯಲ್ಲಿ ಹೋರಿಯನ್ನೂ ಯಾರೂ ಹಾಗೆ ನೋಡುವುದಿಲ್ಲ. “ಎಲ್ಲಿ, ಒಂದ್ಸಲ ಕೆಮ್ಮು.”

ಕೆಮ್ಮಿದೆ.

“ಥೂ! ಇದು ಕೆಮ್ಮೇನ್ಲಾ? ಮೇಕೆಮರಿ ಅರಚ್ಕಂಡಂಗೈತೆ.” ಆಮೇಲೆ ಹೊಂಗೆ ಮರದವರೆಗೂ ಕೇಳುವಂತೆ ದನಿ ಎತ್ತಿದರು. “ಜ್ವರ ಬಂದೋನು ಬಾಯ್ತಕ್ಕೆ ತಂದಿಟ್ರೂ ಬ್ಯಾಡ ಅಂತಾನೆ. ನಾಕು ಬನ್ನು ತಿಂದು ಬೆರ್ಳು ಚೀಪೋ ಜ್ವರಾನ ನಾ ಎಲ್ಲೂ ಕಂಡಿಲ್ಲ. ಈ ಕಾಯ್ಲೆಗೆ ನಮ್ಮೂರಲ್ಲಿ ಹೊಟ್ಟೆಹಸಿವು ಅಂತಾರೆ ಕಣ್ರೋ!”

ಬೆಂಚಿನ ಕಡೆ ಕೋಲು ತಿರುಗಿತು. “ಮತ್ತೆ ನಿಮ್ಗೇನ್ ಬಂದೈತೆ? ನಿಜವಾಗ್ಲೂ ಜ್ವರ ಇರೋರು ಕೈ ಎತ್ರಲಾ ನೋಡಾನ!”

ಒಂದು ಕೈ ಎದ್ದಿತು. ಅದರಲ್ಲಿ ಬನ್ನು ಇತ್ತು. ಮೆಲ್ಲಗೆ ಇಳಿಯಿತು.

ಅಜ್ಜಿ ನನ್ನ ಪಕ್ಕದಲ್ಲೇ ಕೂತರು. ಹಗಲು ಹೊತ್ತಿನಲ್ಲಿ, ಬೀದಿಗೆ ಮುಖ ಮಾಡಿ, ಒಂದು ಸಣ್ಣ ನೆಗಡಿಯೂ ಇಲ್ಲದೆ ನಮ್ಮೂರಿನಲ್ಲಿ ಬನ್ನು ತಿಂದ ಮೊದಲ ಮನುಷ್ಯರು ಅವರೇ. “ಮೆತ್ಗೈತೆ. ಹಲ್ಲಿಲ್ದ ಬಾಯ್ಗೆ ಹೇಳಿ ಮಾಡಿಸ್ದಂಗೈತೆ. ಆದ್ರೆ ಸಪ್ಪೆ ಕಣಪ್ಪ ಪಿಳ್ಳಣ್ಣ, ಸಪ್ಪೆ!” ಎನ್ನುತ್ತಾ ಬುತ್ತಿಗಂಟು ಬಿಚ್ಚಿ ಹುಚ್ಚೆಳ್ಳು ಚಟ್ನಿಪುಡಿ ತೆಗೆದರು. ಬನ್ನನ್ನು ನಡುವೆ ಸೀಳಿಸಿ, ಬೆಣ್ಣೆ ಸವರಿಸಿ, ಪುಡಿ ಉದುರಿಸಿ, ಮುಚ್ಚಿ, ಒಂದು ಸಲ ಅಂಗೈಯಲ್ಲಿ ಒತ್ತಿ ಕಚ್ಚಿದರು. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಕಚ್ಚಿದರು. ಪಕ್ಕದಲ್ಲಿ ನಿಂತಿದ್ದ ಮಾವನವರು ಮೆಲ್ಲಗೆ, “ಅವ್ವ, ನಂಗೂ ಒಂಚೂರು,” ಎಂದರು.

ಸಭಿಕರೇ, ಇವತ್ತು ಬೆಂಗಳೂರಿನ ರೈಲು ಹಿಡಿಯುವವರು ಓಡೋಡಿ ಬಂದು “ಎರಡು ಅಜ್ಜಿ ಬನ್ನು ಕಟ್ಟಿ” ಎನ್ನುತ್ತಾರಲ್ಲ, ಅದು ಹುಟ್ಟಿದ್ದು ಹೀಗೆ. ಅವತ್ತು ಬೆಂಚಿನ ಮೇಲೆ ಎಷ್ಟು ಮಫ್ಲರು ಬಿಚ್ಚಿಕೊಂಡವು, ಎಷ್ಟು ಪಟ್ಟಿ ಬಿದ್ದವು! ಸೊರಗಿದ್ದವರೆಲ್ಲ ಚಟ್ನಿಪುಡಿಗೆ ಕೈಚಾಚಿ ತಳ್ಳಾಡಿದರು. ಒಂದು ಬೆಳಗ್ಗೆಗೆ ಇಷ್ಟು ಜನರನ್ನು ಗುಣಪಡಿಸಿದ ಡಾಕ್ಟರು ಮೈಸೂರು ಸೀಮೆಯಲ್ಲಿ ಇದ್ದಾರೆಯೇ?

ಹೋಗುವಾಗ ಮಾವನವರು ಧಾರೆ ಸೀರೆ ಕೊಂಡೇ ಹೋದರು. ಆದರೆ “ಬೀಗಿತ್ತಿ, ಒಳಿಕ್ ಬಾರಮ್ಮ” ಎಂದು ಅಜ್ಜಿ ಎಷ್ಟು ಕೂಗಿದರೂ ಅಮ್ಮ ಮರದ ನೆರಳು ಬಿಟ್ಟು ಬರಲಿಲ್ಲ. ಕಳಿಸಿದ ಅರ್ಧ ಬನ್ನನ್ನು ಮುಟ್ಟಲಿಲ್ಲ.

ಮದುವೆಯಾಯಿತು. ಮುನಿಲಕ್ಷ್ಮಿ ನನ್ನೊಡನೆ ಆಡಿದ ಮೊದಲ ಮಾತು ಇದು: “ಕೆಮ್ಮೋದ್ನ ನಮ್ಮಪ್ಪ ನೋಡ್ಕಂಡ್ ಬಂದ, ತಿನ್ನೋದ್ನ ಲೆಕ್ಕಕ್ಕಿಡ್ಲಿಲ್ಲ. ಅದಕ್ಕೇ ಅಜ್ಜೀನ ನಾನೇ ಕಳಿಸ್ದೆ. ನಾಕು ತಿಂತೀರಂತಲ್ಲ, ನಂಗೊಂದು ತರಾಕಾಗಲ್ವಾ?” ಅವತ್ತಿನಿಂದ ನಮ್ಮ ಸಂಸಾರದ ಬನ್ನೆಲ್ಲ ರಾಗಿಹೊಲದ ಬದುವಿನ ಮೇಲೇ ನಡೆಯಿತು, ಹೊಸ್ತಿಲು ದಾಟಲಿಲ್ಲ. ಆದರೆ ಈಚೆಗೆ ಅವಳು ಹೊಲಕ್ಕೆ ಬರುವಂತಿಲ್ಲ. ಅನ್ನ ಕಂಡರೆ ಆಗದು, ಮುದ್ದೆ ಕಂಡರೆ ಆಗದು. ಬನ್ನು, ಬನ್ನು ಎನ್ನುತ್ತಾಳೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು…

ಅಯ್ಯೋ. ಈ ಸಾಲನ್ನು ಬರೆದು ಹೊಡೆದುಹಾಕಿದ್ದೆ. ಓದಿಯೇಬಿಟ್ಟೆ. ತಾಯಂದಿರೇ, ನಗಬೇಡಿ. ಇನ್ನೂ ಯಾರಿಗೂ ಹೇಳಬಾರದು ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ. ದಯವಿಟ್ಟು ಈ ಮಾತು ಇಲ್ಲೇ ಇರಲಿ. ಲಕ್ಕಮ್ಮನವರೇ, ನಿಮಗೇ ಹೇಳುತ್ತಿರುವುದು.

ಈ ಸಭೆ ಸೇರಿಸಿದ ಸಂಘಕ್ಕೆ, ಅಧ್ಯಕ್ಷರ ಹಲ್ಲಿಗೆ, ಅನುಗೊಂಡನಹಳ್ಳಿಯಲ್ಲಿ ಕೂತು ನಮ್ಮ ಊರಿಗೆ ಚಟ್ನಿಪುಡಿ ಕುಟ್ಟಿ ಕಳಿಸುತ್ತಿರುವ ಅಜ್ಜಿಗೆ, ಮತ್ತು ಒಲೆಯ ಮುಂದೆ ಬೇಯುತ್ತಲೇ ನಮ್ಮೆಲ್ಲರ ಆರೋಗ್ಯ ವಿಚಾರಿಸಿದ ಪಿಳ್ಳಣ್ಣನವರಿಗೆ ನನ್ನ ವಂದನೆಗಳು. ಇವತ್ತು ಬೆಳಗ್ಗೆ ನಡೆದ ಒಂದು ಸಣ್ಣ ಸಂಗತಿ ಹೇಳಿ ಕೂರುತ್ತೇನೆ.

ಬೆಳಗ್ಗೆ ನಾನು ಎಂದಿನಂತೆ ಬೆಂಚಿನ ಮೇಲಿದ್ದೆ. ಹೊಂಗೆ ಮರದ ಕೆಳಗೆ ಅಮ್ಮ ಬಂದು ನಿಂತಳು. ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಬೀದಿ ದಾಟಿ, ಸೆರಗು ಸರಿಮಾಡಿಕೊಂಡು, ಬೇಕರಿಯ ಮೆಟ್ಟಿಲು ಹತ್ತಿದಳು. ಪಿಳ್ಳಣ್ಣನವರಿಗೆ ರೂಢಿ ಎಲ್ಲಿ ಬಿಡುತ್ತದೆ? ಕೈ ಒರೆಸಿಕೊಂಡು ಕೇಳಿಯೇಬಿಟ್ಟರು: “ಬನ್ನಿ ಅಮ್ಮಯಮ್ಮ. ಯಾರಿಗೆ ಹುಷಾರಿಲ್ಲ?”

ಬೆಂಚಿನ ಮೇಲಿದ್ದವರು ಅದ್ದಿದ ಬನ್ನನ್ನು ಟೀಯಲ್ಲೇ ಬಿಟ್ಟು ತಿರುಗಿದರು.

“ಯಾರ್ಗೂ ಏನೂ ಆಗಿಲ್ಲ ಕಣಪ್ಪ,” ಎಂದಳು ಅಮ್ಮ. “ಮನೇಲಿ ಎಲ್ಲಾರೂ ಚೆನ್ನಾಗವ್ರೆ. ಮೂರು ಬನ್ನು ಕೊಡು. ಬಿಸಿ ಇರೋದ್ ಕೊಡು.”

ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಒಂದು ಮುನಿಲಕ್ಷ್ಮಿಗೆ, ಒಂದು ನನಗೆ. ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ. ಲಕ್ಕಮ್ಮನವರ ಜಗಲಿ ದಾಟಿದ ಮೇಲೆ ಅಮ್ಮ ಸೆರಗಿನೊಳಗೆ ಕೈ ಹಾಕಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ನಡೆಯುತ್ತಲೇ ಅಗಿದಳು. ಬಾಗಿಲ ಹತ್ತಿರ ಬಂದಾಗ ನನ್ನ ಕಡೆ ನೋಡದೆ, “ನಿಮ್ಮಪ್ಪ ಹೇಳ್ತಿದ್ದಿದ್ದು ದಿಟ ಕಣ್ಲಾ. ಚೆನ್ನಾಗೈತೆ,” ಎಂದು, ಬನ್ನಿನ ಸಮೇತ ಹೊಸ್ತಿಲು ದಾಟಿ ಒಳಗೆ ಹೋದಳು.

ಎಲ್ಲರಿಗೂ ನಮಸ್ಕಾರ.