ಹಸನಬಿ ಮೊದಲು ಬಂದದ್ದು

ಸಂಶಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ರೂಬಿನಾ ಹುಬ್ಬಳ್ಳಿಯ ಕಂಪ್ಯೂಟರ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ತನಗೆ ಅಕ್ಷರ ಕಲಿಸಿದ್ದ ರೋಹಿಣಿ ಅಕ್ಕೋರಿಗೆ ತನ್ನ ಫಜೀತಿ ಹೇಳುತ್ತಿದ್ದಳು.

“ಹೆಸರು ಅಕ್ಷರದ ಸಾಲಿನಾಗ ಹಚ್ಚಾಕ ಕಂಪ್ಯೂಟರ್ ಪ್ರತಿ ಹೆಸರಿಗೂ ಒಂದು ತೂಕ ಹಾಕ್ತೈತ್ರಿ ಅಕ್ಕೋರ. ಹಗೂರ ಇದ್ದದ್ದು ಪಟ್ಟಿಯಾಗ ಮುಂದ, ವಜ್ಜ ಇದ್ದದ್ದು ಹಿಂದ. ಅದು ಸರಿ ಐತೇನು ನೋಡೂದು ನನ್ನ ಕೆಲಸ.”

“ಅ ಮೊದಲ, ಹ ಎಷ್ಟೋ ಹಿಂದ. ಅದರಾಗೇನೈತಿ?”

“ನಾ ಹಾಕಿದ ಹೆಸರಿನಾಗ ಹಸನಬಿ ಅಗದಿ ಮೊದಲ ಬಂದ್ಲರಿ, ಅತಾವುಲ್ಲಾನಕಿಂತ ಮುಂದ! ನಿನ್ನೆ ಮೀಟಿಂಗ್‌ನಾಗ ಎಲ್ಲಾರ ಮುಂದ ಅಂದ್ನಿ, ‘ಈರೇಶ ಸರ್, ನಿಮ್ಮ ಪ್ರೋಗ್ರಾಮಿಗೆ ಕನ್ನಡ ಬರೂದಿಲ್ಲ.’”

“ಅಂವ ಏನಂದ?”

“ಪಾಪ, ತಲಿ ಕೆಳಗ ಹಾಕಿದ್ರು. ಇವತ್ತು ಮುಂಜಾನೆ ನೋಡ್ತೀನಿ, ಹಸನಬಿ ಮುಂದ ಒಂದು ಖಾಲಿ ಜಾಗ ಬಿಟ್ಟು ಟೈಪ್ ಮಾಡೀನಿ! ಖಾಲಿ ಜಾಗಕ್ಕೂ ತೂಕ ಐತ್ರಿ, ಎಲ್ಲಾ ಅಕ್ಷರಕ್ಕಿಂತ ಹಗೂರ. ಥೇಟ್ ನನ್ನ ತಲಿ ಇದ್ದಂಗ.”

ಅಕ್ಕೋರು ನಕ್ಕರು. “ಈಗೇನ ಮಾಡಾಕಿ?”

“ಮೆಲ್ಲಕ ಒಂದು ಮೆಸೇಜ್ ಹಾಕ್ತೀನ್ರಿ.”

“ಅಂದದ್ದು ಎಲ್ಲಾರ ಮುಂದ, ಒಪ್ಪಿಕೊಳ್ಳೂದು ಮೆಲ್ಲಕೇನ?”

ರೂಬಿನಾ ಫೋನ್ ತೆಗೆದು ಈರೇಶನ ನಂಬರ್ ಒತ್ತಿದಳು. ಹುಬ್ಬಳ್ಳಿ ಬಸ್ಸು ಬಂತು. ಅವಳು ಫೋನ್ ಕಿವಿಗಿಟ್ಟುಕೊಂಡೇ ಹತ್ತಿದಳು. ಅಕ್ಕೋರು ಹಿಂದೆ ಹತ್ತಿದರು. ಕಿಟಕಿಯಿಂದ ಅವಳ ದನಿ ಕೇಳಿಸಿತು.

“ಏನಂದ್ರಿ? ತಿದ್ದಾಕ ಹತ್ತೀರಾ? ಬ್ಯಾಡ್ರಿ ಸರ್, ಕೈ ತಗೀರಿ! ನಿಮ್ಮ ಪ್ರೋಗ್ರಾಮ್ ಸರಿ ಐತ್ರಿ, ತಪ್ಪು ನಂದು! ಹೌದ್ರಿ, ನಂದ!”

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ಅವಳನ್ನೇ ನೋಡುತ್ತಿರುವಾಗ ಬಸ್ಸು ಹೊರಟಿತು.