ದರ್ಜಿಯ ಸೊಂಟದ ಅಳತೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಎದೆಯ ಗುಟ್ಟೆಲ್ಲ ಬಲ್ಲ ಡಾಕ್ಟರಮ್ಮನವರೇ, ಅತಿಥಿಗಳೇ, ನನ್ನ ಹಾಗೆಯೇ ಲಯ ತಪ್ಪುವ ಹೃದಯ ಇಟ್ಟುಕೊಂಡೂ ಸಮಯಕ್ಕೆ ಸರಿಯಾಗಿ ಬಂದು ಕೂತಿರುವ ಸಭಿಕರೇ!

ನಮ್ಮ ಹೃದ್ರೋಗಿಗಳ ಸಂಘದ ವಾರ್ಷಿಕೋತ್ಸವದಲ್ಲಿ ತೂಕ ಇಳಿಸಿದ ಬಗ್ಗೆ ಮಾತಾಡಿ ಎಂದರು. ಒಪ್ಪಿಕೊಂಡ ಗಳಿಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೆದರಬೇಡಿ ಡಾಕ್ಟರೇ, ಇದು ಬರೀ ಖುಷಿ!

ನಾನು ದರ್ಜಿ. ಊರಿನವರ ಸೊಂಟವನ್ನೆಲ್ಲ ಅಳೆದವನು. ನನ್ನ ಸೊಂಟ ಅಳೆದುಕೊಂಡೆನೇ? ಎಲ್ಲಿ ಬಂತು! ಪ್ಯಾಂಟು ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದೆ. ಬೇರೆಯವರಿಗೆ ದಪ್ಪಗಾಗಿದ್ದು ಗೊತ್ತಾಗಲು ದರ್ಜಿ ಇರುತ್ತಾನೆ. ದರ್ಜಿಗೆ ಯಾರಿರುತ್ತಾರೆ, ಹೇಳಿ?

ಒಂದು ಮಧ್ಯಾಹ್ನ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಯೊಳಗೆ ಹಕ್ಕಿ ಸಿಕ್ಕಿಕೊಂಡು ರೆಕ್ಕೆ ಬಡಿದ ಹಾಗಾಯಿತು. ಮಿಷನ್ನಿನಿಂದ ಕಾಲು ತೆಗೆದೆ. ಮಿಷನ್ನು ನಿಂತಿತು, ಎದೆಯ ಹಕ್ಕಿ ನಿಲ್ಲಲಿಲ್ಲ. ಹೆಂಡತಿ ಆಸ್ಪತ್ರೆಗೆ ಕರೆತಂದಳು. ಇದೇ ಡಾಕ್ಟರಮ್ಮ ಹೇಳಿದರು: "ಬಡಿತದ ಲಯ ತಪ್ಪಿದೆ. ಮಾತ್ರೆ ಕೊಡ್ತೀನಿ, ನನ್ನ ಕೇಳದೆ ನಿಲ್ಲಿಸಬೇಡಿ. ಆದ್ರೆ ಮಾತ್ರೆ ಒಂದೇ ಸಾಲದು, ತೂಕ ಇಳೀಬೇಕು. ಇಳಿದ್ರೆ ಹೀಗಾಗೋದು ಕಡಿಮೆಯಾಗಬಹುದು."

ಇಳಿಯಬೇಕು ತಾನೇ? ಇಳಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ. ಊಟದ ಡಬ್ಬಿಯನ್ನು ಪಕ್ಕದ ಚಪ್ಪಲಿ ಅಂಗಡಿಯವನಿಗೆ ಕೊಟ್ಟು ನೀರು ಕುಡಿದು ಕೂತೆ. ಅವನು ದಪ್ಪಗಾದ, ನಾನು ಬಿದ್ದೆ. ಗಿರಾಕಿಯೊಬ್ಬರ ಎದೆಯಳತೆ ತೆಗೆಯುತ್ತಾ ಅವರ ಮೇಲೆಯೇ ಕುಸಿದೆ, ಪಾಪ! ಕಣ್ಣು ಬಿಟ್ಟಾಗ ಎದುರಿಗೆ ಹೆಂಡತಿ.

"ರೀ, ನೀವು ತೂಕ ಇಳಿಸ್ತಿದೀರೋ, ಪ್ರಾಣ ಕಳ್ಕೋತಿದೀರೋ?"

ಮತ್ತೆ ಡಾಕ್ಟರ ಮುಂದೆ ಕೂತೆವು. ಅವರು ಬೈಯಲಿಲ್ಲ. "ಹೊಟ್ಟೆಗೆ ಹಾಕದೆ ಕೂರೋದು ಬೇಡ, ಗಡಿಬಿಡಿಯೂ ಬೇಡ. ಸ್ವಲ್ಪ ಸ್ವಲ್ಪವಾಗಿ ಇಳಿಸೋಣ" ಅಂದರು. ಆಮೇಲೆ ಕೇಳಿದರು: "ನಿದ್ದೆ ಹೇಗೆ? ಗೊರಕೆ ಇದೆಯಾ?"

ಈ ಮಾತನ್ನು ಸಭೆಯಲ್ಲಿ ಹೇಳಬೇಕೆಂದು ಬಂದವನಲ್ಲ. ಬಾಯಿಗೆ ಬಂದುಬಿಟ್ಟಿದೆ, ಹೇಳಿಬಿಡುತ್ತೇನೆ. ನನ್ನ ಹೆಂಡತಿ ಬಹಳ ವರ್ಷಗಳಿಂದ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಳು. ಗೊರಕೆಗೆ ಬೇಸತ್ತಳು, ನನಗೂ ಬೇಸತ್ತಳು ಅಂದುಕೊಂಡಿದ್ದೆ. ಕೇಳುವ ಧೈರ್ಯ ಬರಲಿಲ್ಲ. ಅವತ್ತು ಅವಳು ನನ್ನ ಮುಖ ನೋಡದೆ ಡಾಕ್ಟರಿಗೆ ಹೇಳಿದಳು: "ಗೊರಕೆ ಇದ್ರೆ ಚಿಂತೆಯಿಲ್ಲ ಡಾಕ್ಟ್ರೇ. ಮಧ್ಯೆ ಒಮ್ಮೊಮ್ಮೆ ನಿಂತು ಹೋಗುತ್ತೆ. ಆಗ ಎದ್ದು ಬಂದು ಇವರ ಮೂಗಿನ ಹತ್ರ ಕೈ ಹಿಡಿದು ನೋಡ್ತೀನಿ."

ಸಭಿಕರೇ, ಊರಿನವರ ಅಳತೆಯೆಲ್ಲ ನನಗೆ ಬಾಯಿಪಾಠ. ನನ್ನ ಮನೆಯವಳು ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ!

ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ, ಅದಕ್ಕೂ ತೂಕಕ್ಕೂ ಎದೆಬಡಿತಕ್ಕೂ ನಂಟಿದೆ ಅಂದರು. ಮಲಗುವಾಗ ಹಾಕಿಕೊಳ್ಳಲು, ಉಸಿರು ಕಟ್ಟದಂತೆ ಮೂಗಿಗೆ ಗಾಳಿ ಊದುವ ಮಾಸ್ಕು ಬಂತು. ತಟ್ಟೆಯಲ್ಲಿ ತರಕಾರಿ ಹೆಚ್ಚಿತು, ಅಂಗಡಿಯ ಸಿಹಿ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಗಿಯ ಗುಂಡಿಗಳು ಬಂದು ಕೂತವು. ಮೊದಮೊದಲು ಬೀದಿಯ ತಿರುವಿನವರೆಗೆ ನಡೆದರೆ ಸಾಕಾಗುತ್ತಿತ್ತು. ಹೆಂಡತಿ ಜೊತೆಗೆ ಬಂದಳು. ನಡೆಯುತ್ತಾ ಮಾತಾಡಿದೆವು. ಅಬ್ಬಾ, ಎಷ್ಟು ಮಾತು ಬಾಕಿಯಿತ್ತು! ಒಮ್ಮೊಮ್ಮೆ ತೂಕ ಹಟಮಾರಿಯಂತೆ ನಿಂತಲ್ಲೇ ನಿಂತಿತು, ಒಮ್ಮೆ ಏರಿಯೂ ಏರಿತು. ಸಿಡುಕಿದೆ, ಮತ್ತೆ ನಡೆದೆ. ಈಗ ನನ್ನ ಪ್ಯಾಂಟುಗಳನ್ನೆಲ್ಲ ಒಳಗೆ ಹಿಡಿದು ಹೊಲಿದಿದ್ದೇನೆ. ನನ್ನ ವೃತ್ತಿಯಲ್ಲಿ ಇಷ್ಟು ಖುಷಿಯಿಂದ ಹಾಕಿದ ಹೊಲಿಗೆ ಬೇರೊಂದಿಲ್ಲ!

ಮೊನ್ನೆ ಪರೀಕ್ಷೆಗೆ ಹೋದೆವು. ಡಾಕ್ಟರು ಇಸಿಜಿ ಹಾಳೆಯನ್ನು ನಮ್ಮ ಕಡೆ ತಿರುಗಿಸಿ ನಕ್ಕರು. "ಇವತ್ತು ಲಯ ಸರಿಯಾಗಿದೆ. ಮತ್ತೆ ತಪ್ಪಲ್ಲ ಅಂತ ಮಾತು ಕೊಡಲಾರೆ. ಮಾತ್ರೆ, ಮಾಸ್ಕು, ನಡಿಗೆ ಯಾವುದನ್ನೂ ಬಿಡಬೇಡಿ." ನಾನು ಕುರ್ಚಿಯಿಂದ ಜಿಗಿದೇ ಬಿಟ್ಟೆ. ಮಾಸ್ಕು ಬಂದಮೇಲೂ ಎದ್ದು ಬಂದು ನೋಡುವುದನ್ನು ಬಿಡದ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: "ಡಾಕ್ಟ್ರೇ, ಹಾಗಾದ್ರೆ ನಾನಿನ್ನು ಮಲಗಬಹುದಾ?"

"ಧಾರಾಳವಾಗಿ ಮಲಗಿಯಮ್ಮ" ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಬಸ್ಸು ಹೊರಡುವುದೇ ತಡ, ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಮ್ಮ ಸ್ಟಾಪು ಬಂತು. ನಾನು ಎಬ್ಬಿಸಲಿಲ್ಲ. ಕಂಡಕ್ಟರು ನೋಡಿದ, ಕೈಸನ್ನೆ ಮಾಡಿ ಸುಮ್ಮನಾಗಿಸಿದೆ. ಕೊನೆಯ ಸ್ಟಾಪಿನವರೆಗೂ ಹೋಗಿ ಇಳಿದೆವು. ಅವಳು ಗಾಬರಿಯಿಂದ, "ಅಯ್ಯೋ, ಇಷ್ಟು ದೂರ ಬಂದುಬಿಟ್ವಾ? ಹೇಗ್ರೀ ಹೋಗೋದು?" ಅಂದಳು.

"ನಡಿ, ನಡೆದೇ ಹೋಗೋಣ" ಅಂದೆ.

ನಡೆದೇ ಹೋದೆವು!

ಈ ದರ್ಜಿಯ ಮಾತಿಗೂ ಕಿವಿಗೊಟ್ಟ ನಿಮಗೆಲ್ಲ, ನನ್ನನ್ನು ಬಿಡದೆ ಕಾಯ್ದ ಡಾಕ್ಟರಮ್ಮನವರಿಗೆ, ಮೂರನೇ ಸಾಲಿನಲ್ಲಿ ತಲೆತಗ್ಗಿಸಿ ನಗುತ್ತಿರುವ ನನ್ನ ಮನೆಯವಳಿಗೆ ತುಂಬು ಎದೆಯ ವಂದನೆಗಳು. ನಮಸ್ಕಾರ.