ಏಳು ಉಳಿಯುವ ತನಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಅಪ್ಪನ ಪಾಠ ಕೇಳಿ ಬೆಳೆದ ಸಭಿಕರೇ,

ಇವತ್ತು ಮಧ್ಯಾಹ್ನ ಎರಡೂಮುಕ್ಕಾಲಿಗೆ ಗೇಟಿನ ಚಿಲಕದ ಸದ್ದಿಗೆ ನನಗೆ ಎಚ್ಚರವಾಯಿತು. ಎಚ್ಚರವಾದರೂ ಏಳಲಿಲ್ಲ. ಮೂರು ತಿಂಗಳ ಮಗು ಆಗಷ್ಟೇ ನನ್ನ ತೋಳಿನ ಮೇಲೆ ನಿದ್ದೆ ಹೋಗಿತ್ತು. ಕೊರಿಯರಿನವನಿರಬೇಕು ಅಂದುಕೊಂಡೆ. ಮತ್ತೆ ಕಣ್ಣು ಬಿಟ್ಟಾಗ ಮೂರೂವರೆ. ಅಪ್ಪನ ಹಾಸಿಗೆ ಖಾಲಿ. ಚಪ್ಪಲಿ ಮಾತ್ರ ಅಲ್ಲೇ ಇತ್ತು.

ನೀವು ಸನ್ಮಾನಕ್ಕೆಂದು ಕರೆದ ಗಣಿತದ ಮೇಷ್ಟರ ಕುರ್ಚಿ ಬರಿದಾಗಿರುವುದಕ್ಕೆ ಕಾರಣ ಇದು. ಅವರಿದ್ದಿದ್ದರೆ, ತಡವಾಗಿ ಶುರುವಾದ ತಪ್ಪಿಗೆ ಈ ಸಭೆಯನ್ನೇ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಮುಂದೂಡೋಣ ಎಂದು ಕಾರ್ಯದರ್ಶಿಗಳು ಹೇಳಿದರು. ಬೇಡ ಎಂದೆ. ಪೊಲೀಸರಿಗೆ ತಿಳಿಸಿದ್ದೇವೆ, ನನ್ನ ಗಂಡ ಬೀದಿ ಬೀದಿ ಸುತ್ತುತ್ತಿದ್ದಾರೆ. ಆದರೆ ಅಪ್ಪನ ಮುಖ ಬಲ್ಲ ಮುನ್ನೂರು ಜನ ಒಂದೇ ಕಡೆ ಇನ್ನೆಲ್ಲಿ ಸಿಗುತ್ತಾರೆ?

ಆ ಸಂಖ್ಯೆ ನಿಮಗೆ ನೆನಪಿದೆಯೇ? ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. 73939133. ಒಂದನ್ನೂ ತನ್ನನ್ನೂ ಬಿಟ್ಟು ಇನ್ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ. ಅಪ್ಪ ಅದನ್ನು ಹಲಗೆಯ ಮೇಲೆ ಬರೆದು, ಬಲತುದಿಯ ಅಂಕಿಯನ್ನು ಅಂಗೈಯಿಂದ ಒರೆಸಿ "ಈಗ?" ಎನ್ನುತ್ತಿದ್ದರು. ಉಳಿದದ್ದೂ ಅವಿಭಾಜ್ಯ. ಇನ್ನೊಂದು ಒರೆಸಿದರೆ ಅದೂ ಅವಿಭಾಜ್ಯ. ಹೀಗೇ ಬರುತ್ತ 739, 73, ಕೊನೆಗೆ ಬರೀ ಏಳು. ಈ ಗುಣವುಳ್ಳ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ತುದಿಗೆ ಇನ್ನೊಂದು ಅಂಕಿ, ಯಾವುದನ್ನೇ ಸೇರಿಸಿ, ಭಾಗವಾಗಿ ಒಡೆದುಹೋಗುತ್ತದೆ. "ಕಳ್ಕೊಂಡ್ರೂ ಒಡೀಬಾರ್ದು ಕಣ್ರೋ" ಅನ್ನುತ್ತಿದ್ದರಲ್ಲವೇ?

ಎರಡು ವರ್ಷದಿಂದ ಅಪ್ಪನನ್ನೇ ಯಾರೋ ಬಲತುದಿಯಿಂದ ಒರೆಸುತ್ತಿದ್ದಾರೆ. ಮೊದಲು ನಿನ್ನೆಯ ನೆನಪು ಹೋಯಿತು. ಆಮೇಲೆ ಅಮ್ಮನ ಸಾವು, ಆಮೇಲೆ ನನ್ನ ಮದುವೆ. ಈಗ ನನ್ನನ್ನು ನರ್ಸಮ್ಮ ಎನ್ನುತ್ತಾರೆ. ಇವತ್ತು ಬೆಳಿಗ್ಗೆ ಮಗುವೂ ಅವರೂ ಒಟ್ಟಿಗೇ ಕೂಗಿದಾಗ, ನಿಜವಾಗಿ ನರ್ಸಾಗಿದ್ದರೆ ಒಂದು ದಿನ ರಜೆಯಾದರೂ ಸಿಗುತ್ತಿತ್ತು ಎಂದು ರೇಗಿಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಇವತ್ತು ರಜಾ ತಗೊಳ್ಳಿ, ನರ್ಸಮ್ಮ. ಮಲಕ್ಕೊಳ್ಳಿ" ಅಂದರು.

ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಕ್ಷಮಿಸಿ.

ಅವರ ಜೇಬಿನಲ್ಲಿ ನನ್ನ ಫೋನ್ ನಂಬರಿನ ಚೀಟಿ ಇದೆ. ಆದರೆ ಅದನ್ನೂ ಅವರು ಪರೀಕ್ಷಿಸದೆ ಬಿಡುವುದಿಲ್ಲ. "ಇದು ಒಡೆಯುತ್ತಮ್ಮಾ" ಎಂದು ತುದಿಯಿಂದ ಒಂದೊಂದೇ ಅಂಕಿ ಹೊಡೆದುಹಾಕುತ್ತಾರೆ. ವಾರಕ್ಕೊಂದು ಹೊಸ ಚೀಟಿ ಬರೆದಿಡುತ್ತಿದ್ದೆ. ಈ ವಾರ ಮಗುವಿಗೆ ಜ್ವರ, ಬರೆಯಲಿಲ್ಲ. ಹಳೆಯದರಲ್ಲಿ ಮೊನ್ನೆಯೇ ನಾಲ್ಕು ಅಂಕಿ ಉಳಿದಿತ್ತು. ಅದನ್ನು ಹಿಡಿದು ಯಾರು ತಾನೇ ನನಗೆ ಫೋನ್ ಮಾಡಿಯಾರು?

ಬರಿಗಾಲಿನಲ್ಲಿರುವ ಅವರು ನಿಮಗೆ ಕಂಡರೆ ಹೆಸರು ಕೇಳಬೇಡಿ, ಹೆದರುತ್ತಾರೆ. ಆ ಸಂಖ್ಯೆಯನ್ನು ಬರೆಯಿರಿ, ಕಾಗದವಿಲ್ಲದಿದ್ದರೆ ಧೂಳಿನಲ್ಲೇ ಬರೆಯಿರಿ. ಕೊನೆಯ ಮೂರನ್ನು ಒರೆಸಿ "ಈಗ?" ಎನ್ನಿ. ಅಪ್ಪ ನಿಲ್ಲುತ್ತಾರೆ. ಏಳು ಉಳಿಯುವ ತನಕ ಕದಲುವುದಿಲ್ಲ. ನಿಧಾನವಾಗಿ ಒರೆಸಿ, ಅಷ್ಟರಲ್ಲಿ ನಾನು ಬಂದುಬಿಡುತ್ತೇನೆ.

ಬೆಳಗಿನ ಇನ್ಸುಲಿನ್ ಅವರಿಗೆ ತಪ್ಪುವಂತಿಲ್ಲ. ನನ್ನ ನಂಬರನ್ನು ಇಲ್ಲೇ ನನ್ನ ಬೆನ್ನ ಹಿಂದಿರುವ ಹಲಗೆಯ ಮೇಲೆ ಬರೆದಿದ್ದೇನೆ. ಹತ್ತೂ ಅಂಕಿ ಬರೆದುಕೊಳ್ಳಿ, ತುದಿಯದನ್ನೂ ಬಿಡಬೇಡಿ. ನನ್ನ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ. ಬೆಳಗಾಗುವುದರೊಳಗೆ, ದಯವಿಟ್ಟು, ಯಾರಾದರೂ ಫೋನ್ ಮಾಡಿ.